ಗ್ರಿಫಿತ್ ಪಾರ್ಕು, ಅದನ್ನ ಕೊಟ್ಟ ಮನುಷ್ಯ, ಮತ್ತೆ ಬೆಂಚಿನ ಮೇಲೆ ಸಿಕ್ಕ ಅಂಕಲ್ಲು

ಲಾಸ್ ಏಂಜಲಿಸ್‌ಗೆ ಬಂದೋರೆಲ್ಲ ಗುಡ್ಡದ ಮೇಲಿರೋ ಹಾಲಿವುಡ್ ಅನ್ನೋ ಬಿಳಿ ಅಕ್ಷರಗಳ ಜೊತೆ ಫೋಟೋ ಹೊಡ್ಕೊಂಡು ಹೋಗ್ತಾರೆ, ನಾವೂ ಹೊಡ್ಕೊಂಡ್ವಿ, ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಸ್ಟುಡಿಯೋ ಟೂರು, ಬೀಚು, ನೆಲದಲ್ಲಿ ಸ್ಟಾರ್ ಹಾಕಿರೋ ಆ ಫುಟ್‌ಪಾತು (ಗಲೀಜು, ನನಗಂತೂ ಸೇರ್ಲಿಲ್ಲ), ಇವೆಲ್ಲ ಯೂಟ್ಯೂಬಲ್ಲೇ ಸಿಗತ್ತೆ. ನಾನು ಬರೀಬೇಕು ಅನ್ಕೊಂಡಿದ್ದು ಆ ಅಕ್ಷರಗಳಿರೋ ಗುಡ್ಡ ಯಾವ ಪಾರ್ಕಿಗೆ ಸೇರಿದ್ಯೋ ಆ ಗ್ರಿಫಿತ್ ಪಾರ್ಕಿನ ಬಗ್ಗೆ.

ಮೊದಲು ಸೈಜ್ ಹೇಳ್ಬಿಡ್ತೀನಿ, 4,200 ಎಕರೆಗೂ ಜಾಸ್ತಿ. ನಮ್ಮ ಲಾಲ್‌ಬಾಗ್ 240 ಎಕರೆ, ಅಂಥವು ಹದಿನೇಳು ಹಿಡಿಸತ್ತೆ. ಆದ್ರೆ ಹೂವಿನ ಪಾತಿ, ಗಾಜಿನಮನೆ ಅಂತೆಲ್ಲ ಅನ್ಕೋಬೇಡಿ. ಒಣ ಗುಡ್ಡ, ಕುರುಚಲು ಪೊದೆ, ಅಲ್ಲಲ್ಲಿ ಓಕ್ ಮರ, ಕಾಲಿಟ್ರೆ ಧೂಳೇಳೋ ಮಣ್ಣಿನ ದಾರಿ. ಊರಿನ ನಟ್ಟನಡುವೆ ಇಷ್ಟು ಜಾಗ ಬಿಲ್ಡರ್‌ಗಳ ಕೈಗೆ ಸಿಗದೆ ಹೇಗಪ್ಪಾ ಉಳೀತು ಅಂತ ಬೆಂಗಳೂರಿನವರಿಗೆ ಮೊದಲು ಬರೋದೇ ಆ ಪ್ರಶ್ನೆ.

ಅಕ್ಕನ ಮನೆ ಇರೋದು ಅರ್ವೈನ್‌ನಲ್ಲಿ, ಅವಳಿಗೆ ಎಲ್.ಎ. ಟ್ರಾಫಿಕ್ ಅಂದ್ರೆ ಆಗಲ್ಲ, ಹಾಗಾಗಿ ಟ್ರೇನ್ ಹತ್ತಿ ಬಂದು ಅಲ್ಲಿಂದ ಕ್ಯಾಬ್ ಮಾಡ್ಕೊಂಡು ಪಾರ್ಕಿನೊಳಗಿರೋ ಹಳೇ ಝೂ ಹತ್ರ ಇಳಿದ್ವಿ. 1912ರಿಂದ 1966ರವರೆಗೆ ಇಲ್ಲಿ ಝೂ ಇತ್ತು, ಆಮೇಲೆ ಪ್ರಾಣಿಗಳನ್ನ ಪಾರ್ಕಿನ ಇನ್ನೊಂದು ಕಡೆ ಕಟ್ಟಿದ ಹೊಸ ಝೂಗೆ ಸಾಗಿಸಿದ್ರು, ಬೋನುಗಳನ್ನ ಮಾತ್ರ ಹಾಗೇ ಬಿಟ್ರು. ಗುಹೆ ಥರ ಕಲ್ಲು ಜೋಡಿಸಿ ಮಾಡಿರೋ ಜಾಗ, ಗೋಡೆ ತುಂಬ ಸ್ಪ್ರೇ ಪೇಂಟು, ಮುಂದೆ ಪಿಕ್ನಿಕ್ ಟೇಬಲ್ಲು, ಒಂದು ಟೇಬಲ್ ಮೇಲೆ ಯಾವುದೋ ಮಗುವಿನ ಬರ್ತ್‌ಡೇ ಕೇಕು. ನನಗೆ ಇಡೀ ಪಾರ್ಕಲ್ಲಿ ತುಂಬ ಹಿಡಿಸಿದ ಜಾಗ ಇದೇ.

ಅಲ್ಲೇ ನಾನೂ ಅಕ್ಕನೂ ಕನ್ನಡದಲ್ಲಿ ಮಾತಾಡ್ತಿರೋದನ್ನ ಕೇಳಿ ಪಕ್ಕದ ಬೆಂಚಿಂದ "ಯಾವೂರಮ್ಮ ನಿಮ್ದು?" ಅಂತ ಬಂತು. ಮೈಸೂರಿನ ರಿಟೈರ್ಡ್ ಅಂಕಲ್ಲು, ಜೊತೆಗೆ ಆಂಟಿ, ಮಗಳ ಮನೆಗೆ ಬಂದೋರು, ಬೆಳಗಾದ್ರೆ ಪಾರ್ಕಿಗೆ ವಾಕಿಂಗ್. ಐದು ನಿಮಿಷ ಕೂತು ಎದ್ದು ಹೋಗೋಣ ಅಂದ್ಕೊಂಡ್ವಿ, ಮಧ್ಯಾಹ್ನದವರೆಗೂ ಏಳಲಿಲ್ಲ.

"ಇದು ಪಾರ್ಕ್ ಅಲ್ಲಮ್ಮ, ಜಹಗೀರು ಇದು," ಅಂತ ಶುರು ಮಾಡಿದ್ರು ಅಂಕಲ್. ಸ್ಪೇನಿನವರು ಆಳ್ತಿದ್ದಾಗ, 1790ರ ದಶಕದಲ್ಲಿ, ಫೆಲಿಝ್ ಅನ್ನೋ ಸೈನಿಕನಿಗೆ ಆರೂವರೆ ಸಾವಿರ ಎಕರೆ ದನ ಮೇಯಿಸ್ಕೋ ಅಂತ ಕೊಟ್ಟಿದ್ದು. ಅದಕ್ಕೂ ಮುಂಚೆ ಟೋಂಗ್ವಾ ಅನ್ನೋ ಮೂಲನಿವಾಸಿಗಳ ನೆಲ, ಅವರನ್ನ ಯಾರೂ ಕೇಳ್ಲಿಲ್ಲ ಬಿಡಿ. ರಾಂಚೋ ಲಾಸ್ ಫೆಲಿಝ್ ಅಂತ ಹೆಸರಾಯ್ತು. 1863ರಲ್ಲಿ ಆ ಮನೆತನದ ಆಂಟೋನಿಯೋ ಸಿಡುಬಿನಿಂದ ಸತ್ತ, ಆಸ್ತಿ ಬೇರೆಯವರ ಪಾಲಾಯ್ತು, ಏನೂ ಸಿಗದ ಸಂಬಂಧಿಕರ ಹುಡುಗಿ ಪೆಟ್ರನಿಲ್ಲ ಈ ನೆಲಕ್ಕೇ ಶಾಪ ಹಾಕಿದ್ಲು ಅಂತ ಒಂದು ಕಥೆ. "ತಲಕಾಡಿನ ಶಾಪ ಇದ್ದಂಗೆ," ಅಂದ್ರು ಆಂಟಿ.

1882ರಲ್ಲಿ ಇದರಲ್ಲಿ 4,000 ಎಕರೆ ಚಿಲ್ಲರೆ ಕೊಂಡೋನು ಗ್ರಿಫಿತ್ ಜೆ. ಗ್ರಿಫಿತ್. ವೇಲ್ಸ್‌ನಿಂದ ಬಂದ ಬಡವರ ಮನೆ ಹುಡುಗ, ಗಣಿ ವಿಷಯದಲ್ಲಿ ಸಲಹೆ ಕೊಟ್ಟು ದುಡ್ಡು ಮಾಡಿದ್ದ, ತನ್ನನ್ನ ಕರ್ನಲ್ ಅಂತ ಕರೆಸ್ಕೋತಿದ್ದ. ಇಲ್ಲಿ ಆಸ್ಟ್ರಿಚ್ ಫಾರಂಗೆ ಜಾಗ ಕೊಟ್ಟ, ಆಗ ಹೆಂಗಸರ ಟೋಪಿಗೆ ಆ ಗರಿ ಭಾರೀ ಫ್ಯಾಷನ್ನು, ಹಕ್ಕಿ ನೋಡೋಕೆ ಬರೋರಿಗೆ ಅಂತ ರೈಲೂ ಬಂತು. 1896ರ ಡಿಸೆಂಬರಲ್ಲಿ ಕ್ರಿಸ್‌ಮಸ್ ಗಿಫ್ಟು ಅಂತ 3,015 ಎಕರೆ ಊರಿಗೆ ಬರೆದುಕೊಟ್ಟ, ಸಾಮಾನ್ಯ ಜನಕ್ಕೆ ಇರಬೇಕು ಅಂತ ಹೇಳಿ. ಆಗ ಲಾಸ್ ಏಂಜಲಿಸ್‌ನ ಜನಸಂಖ್ಯೆ ಸುಮಾರು ಒಂದು ಲಕ್ಷ ಅಷ್ಟೇ. ಟ್ಯಾಕ್ಸ್ ತಪ್ಪಿಸ್ಕೊಳ್ಳೋಕೆ ಕೊಟ್ಟ ಅಂತ ಆಗಲೇ ಆಡ್ಕೊಂಡೋರೂ ಇದ್ರು.

"ಅದೆಲ್ಲ ಬಿಡಿ, ಹೆಂಡತಿ ವಿಷಯ ಹೇಳಿ ಇವರಿಗೆ," ಅಂದ್ರು ಆಂಟಿ. ಅಂಕಲ್ ಸ್ವಲ್ಪ ಹಿಂದೆಮುಂದೆ ನೋಡಿದ್ರು, ಆಂಟಿಯೇ ಹೇಳಿದ್ರು. 1903, ಸ್ಯಾಂಟಾ ಮೋನಿಕಾದ ಹೋಟೆಲ್ ರೂಮು. ಊರ ಮುಂದೆ ಮದ್ಯಪಾನ ಕೆಟ್ಟದ್ದು ಅಂತ ಭಾಷಣ ಮಾಡ್ತಿದ್ದ ಈ ಮಹಾರಾಯ ಒಳಗೊಳಗೇ ಕುಡೀತಿದ್ದ, ಹೆಂಡತಿ ಪೋಪ್ ಜೊತೆ ಸೇರ್ಕೊಂಡು ತನಗೆ ವಿಷ ಹಾಕ್ತಾಳೆ ಅಂತ ತಲೆಗೆ ಹತ್ತಿಸ್ಕೊಂಡಿದ್ದ. ಟೀನಾ ಅಂತ ಅವಳ ಹೆಸರು. ಪ್ರಾರ್ಥನೆ ಪುಸ್ತಕ ಹಿಡಿಸಿ, ಮಂಡಿಯೂರಿಸಿ, ಪ್ರಶ್ನೆ ಕೇಳಿ ಗುಂಡು ಹೊಡೆದ. ಅವಳು ತಲೆ ಸರಿಸಿದಳು, ಕಣ್ಣು ಹೋಯ್ತು, ಜೀವ ಉಳೀತು, ಕಿಟಕಿಯಿಂದ ಹಾರಿ ತಪ್ಪಿಸ್ಕೊಂಡಳು. ಕುಡಿತದ ಹುಚ್ಚು ಅಂತ ಲಾಯರ್ ವಾದ ಮಾಡಿ ಎರಡೇ ವರ್ಷದ ಶಿಕ್ಷೆ ಆಗೋ ಹಾಗೆ ಮಾಡಿದ. ಅವಳಿಗೆ ಡೈವೋರ್ಸ್ ಮಾತ್ರ ನಿಮಿಷಗಳಲ್ಲಿ ಸಿಕ್ತು.

ನಾನು ಕೇಳ್ದೆ, ಇಷ್ಟಾದ್ರೂ ಪಾರ್ಕಿಗೆ ಅವನ ಹೆಸರೇ ಯಾಕಿದೆ?

"ಕೊಟ್ಟಿದ್ದು ಮೊದಲು, ಗುಂಡು ಆಮೇಲೆ ಅಲ್ವಾಮ್ಮ," ಅಂದ್ರು ಅಂಕಲ್. ಜೈಲಿಂದ ಬಂದ ಮೇಲೆ, 1912ರಲ್ಲಿ, ಗುಡ್ಡದ ಮೇಲೆ ಜನ ಬಂದು ಆಕಾಶ ನೋಡೋಕೆ ಅಬ್ಸರ್ವೇಟರಿ ಕಟ್ಟಿ ಅಂತ ಒಂದು ಲಕ್ಷ ಡಾಲರ್ ಕೊಡೋಕೆ ಬಂದನಂತೆ. ಅಷ್ಟೊತ್ತಿಗೆ ಊರಿಗೆ ಅವನ ಹೆಸರು ಕೇಳಿದ್ರೆ ಆಗ್ತಿರ್ಲಿಲ್ಲ, ಗಲಾಟೆ ಆಯ್ತು, ಅವನು ಬದುಕಿರೋವರೆಗೂ ಕಟ್ಟಡ ಏಳಲಿಲ್ಲ. ದುಡ್ಡನ್ನ ಟ್ರಸ್ಟಲ್ಲಿಟ್ಟು, ವಿಲ್ ಬರೆದು 1919ರಲ್ಲಿ ಸತ್ತ. ಅಬ್ಸರ್ವೇಟರಿ ಬಾಗಿಲು ತೆಗೆದಿದ್ದು 1935ರಲ್ಲಿ.

"ಸತ್ತ ಮೇಲೆ ತಗೊಂಡ್ರೆ ದುಡ್ಡು ಶುದ್ಧವಾಗತ್ತಾ?" ಅಂದ್ರು ಆಂಟಿ. "ನೀನು ದಿನಾ ವಾಕಿಂಗ್ ಬರ್ತೀಯಲ್ಲ," ಅಂದ್ರು ಅಂಕಲ್. "ನೆಲ ಏನು ಪಾಪ ಮಾಡಿತ್ತು, ನಾನು ನೆಲಕ್ಕೆ ಬರ್ತೀನಿ, ಟೀನಾ ಹೆಸರಲ್ಲಿ ಒಂದು ಬೆಂಚಾದ್ರೂ ನನ್ನ ಕಣ್ಣಿಗೆ ಬಿದ್ದಿಲ್ಲ." ಈ ಜಗಳ ಅವರ ಮನೇಲಿ ಹಳೇದು ಅನ್ಸತ್ತೆ. ನನ್ನ ವೋಟು ಆಂಟಿಗೇ.

ಸಂಜೆ ಗುಡ್ಡದ ಮೇಲಿರೋ ಅಬ್ಸರ್ವೇಟರಿಗೆ ಹೋದ್ವಿ. ಎಂಟ್ರಿ ಫ್ರೀ, ಇವತ್ತಿಗೂ, ಪ್ಲಾನೆಟೇರಿಯಂ ಶೋಗೆ ಮಾತ್ರ ಟಿಕೆಟ್. ಒಳಗೆ ಭೂಮಿ ತಿರುಗೋದನ್ನ ತೋರ್ಸೋ ದೊಡ್ಡ ಲೋಲಕ ಇದೆ, ಸುತ್ತ ನಿಲ್ಲಿಸಿರೋ ಗೂಟಗಳನ್ನ ಒಂದೊಂದಾಗಿ ಬೀಳಿಸ್ತಾ ಹೋಗತ್ತೆ, ಒಂದು ಬೀಳೋಕೆ ಕಾಯೋ ಮಕ್ಕಳ ಗದ್ದಲ ನೋಡ್ಬೇಕು. ಮಾಳಿಗೆ ಮೇಲೆ 12 ಇಂಚಿನ ಝೈಸ್ ದೂರದರ್ಶಕ, ಉದ್ದ ಕ್ಯೂ. ನಮ್ಮ ಮುಂದೆ ಒಬ್ಬ ಸಿಮೆಂಟ್ ಮೆತ್ತಿದ ಬೂಟಲ್ಲೇ ಕೆಲಸದಿಂದ ಬಂದಿದ್ದ, ಭುಜದ ಮೇಲೆ ಮಗಳು. ಶನಿಗ್ರಹ ನೋಡಿದವಳು "ಸ್ಟಿಕ್ಕರ್ ಅಂಟಿಸಿದ್ದಾರೆ" ಅಂದಿದ್ದಕ್ಕೆ ಕ್ಯೂ ಎಲ್ಲ ನಕ್ತು. ಗ್ರಿಫಿತ್‌ಗೆ ಇದು ತಲೆಗೆ ಹೊಳೆದಿದ್ದು ಮೌಂಟ್ ವಿಲ್ಸನ್‌ನ 60 ಇಂಚಿನ ದೂರದರ್ಶಕದಲ್ಲಿ ನೋಡಿದ ಮೇಲಂತೆ, ಎಲ್ಲರೂ ಹೀಗೆ ನೋಡಿದ್ರೆ ಲೋಕವೇ ಬದಲಾಗತ್ತೆ ಅನ್ನೋ ಅರ್ಥದಲ್ಲಿ ಹೇಳಿದ್ದನಂತೆ. ಈ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿದ್ರೆ ಮೈ ಉರಿಯತ್ತೆ, ಆದ್ರೂ ಕ್ಯೂ ಬಿಟ್ಟು ಬರೋಕೆ ನನಗೂ ಮನಸ್ಸಾಗಲಿಲ್ಲ.

ಇನ್ನು ವಾಪಸ್ ಬರೋ ಪಾಡು. ಕತ್ತಲಾದ ಮೇಲೆ ಎಲ್ಲರೂ ಒಟ್ಟಿಗೆ ಇಳೀತಾರೆ, ಮೇಲೆ ಫೋನಿಗೆ ಸಿಗ್ನಲ್ ನೆಟ್ಟಗೆ ಬರಲ್ಲ, ಆ್ಯಪಲ್ಲಿ ಬುಕ್ ಮಾಡಿದ ಕ್ಯಾಬ್‌ನೋನು ಅರ್ಧ ದಾರೀಲಿ ಕ್ಯಾನ್ಸಲ್ ಮಾಡಿ ದುಡ್ಡೂ ಕಟ್ ಮಾಡ್ಸಿದ. ಅಕ್ಕಂಗೆ ಪ್ಯೂಮಾ (ದೊಡ್ಡ ಕಾಡುಬೆಕ್ಕಿನ ಜಾತಿ ಪ್ರಾಣಿ) ಭಯ ಬೇರೆ. ಪಿ-22 ಅಂತ ಒಂದು ಪ್ಯೂಮಾ ಎರಡು ಫ್ರೀವೇ ದಾಟಿ ಬಂದು ಸುಮಾರು ಹತ್ತು ವರ್ಷ ಇದೇ ಪಾರ್ಕಲ್ಲಿ ಒಂಟಿಯಾಗಿತ್ತು ಅಂತ ಅಂಕಲ್ ಹೇಳಿದ್ರಲ್ಲ, ಅದು 2022ರಲ್ಲೇ ಹೋಯ್ತು ಕಣೇ ಅಂದ್ರೂ ಕೇಳ್ಲಿಲ್ಲ. ಗ್ರೀಕ್ ಥಿಯೇಟರ್‌ವರೆಗೆ ನಡ್ಕೊಂಡೇ ಇಳಿದ್ವಿ. ನೀವು ಹೋದ್ರೆ ವರ್ಮಾಂಟ್-ಸನ್‌ಸೆಟ್ ಮೆಟ್ರೋ ಸ್ಟೇಷನ್ನಿಂದ ಡ್ಯಾಶ್ ಬಸ್ ಇದೆ, ಅದರಲ್ಲೇ ಹತ್ತಿ, ಅದರಲ್ಲೇ ಇಳಿಯಿರಿ, ಕೊನೇ ಬಸ್ ಟೈಮ್ ಮೊದಲೇ ನೋಡ್ಕೊಳ್ಳಿ. ಮತ್ತೆ ಸೋಮವಾರ ಹೋಗ್ಬೇಡಿ, ಅಬ್ಸರ್ವೇಟರಿ ಕ್ಲೋಸು.