ನಮ್ಮದೇ ಚಿತ್ರಗಳ ಕ್ಯಾಲೆಂಡರ್: ‘ಯಾವ ಕ್ಯಾಮೆರಾ?’ ಎಂದು ಕೇಳುವವರಿಗೆ

ಮನೆಗೆ ಬಂದವರು ಗೋಡೆಯಲ್ಲಿರುವ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿ ಕೇಳುವ ಪ್ರಶ್ನೆ ಇದು: ‘ಅಂಗಡಿಯಿಂದ ತಂದ ಹಾಗಿದೆಯಲ್ಲ, ಯಾವ ಕ್ಯಾಮೆರಾದಲ್ಲಿ ತೆಗೆದಿರಿ?’ ಹೆಚ್ಚಿನವು ಮೊಬೈಲಿನಲ್ಲೇ ತೆಗೆದ ಚಿತ್ರಗಳು. ಕ್ಯಾಲೆಂಡರಿಗೆ ಕಳೆ ಬರುವುದು ಕ್ಯಾಮೆರಾದಿಂದಲ್ಲ. ಯಾವ ಚಿತ್ರ ಬಿಟ್ಟಿರಿ, ದಿನಾಂಕಗಳಿಗೆ ಎಷ್ಟು ಜಾಗ ಕೊಟ್ಟಿರಿ ಎಂಬುದರಿಂದ.

ಮೊಬೈಲಿನಲ್ಲಿ ಒಂದು ಕ್ಷಣ ನೋಡಿ ಮೆಚ್ಚುವ ಚಿತ್ರ ಬೇರೆ, ಮೂವತ್ತು ದಿನ ಎದುರಿಗಿದ್ದರೂ ಸಾಕೆನಿಸದ ಚಿತ್ರ ಬೇರೆ. ನಮ್ಮ ಕೊಡಗಿನ ಮಾಂದಲಪಟ್ಟಿಯ ಸೂರ್ಯೋದಯ, ಅಬ್ಬಿ ಜಲಪಾತ, ರಾಜಾಸೀಟಿನ ಸಂಜೆ ಎಲ್ಲರ ಬಳಿಯೂ ಇವೆ. ನಾನು ಹುಡುಕುವುದು ನಮ್ಮ ವರ್ಷದ ನಡೆಯನ್ನು. ಕಾಫಿ ಗಿಡ ಹೂಬಿಡಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದು ಮಾರ್ಚ್‌ ಆಸುಪಾಸಿಗೆ. ಆ ಹಾಳೆಯಲ್ಲಿ ಕಾಫಿ ಹೂವೇ ಇರಬೇಕು. ಜುಲೈಗೆ ನಾಟಿ ಗದ್ದೆ, ಡಿಸೆಂಬರಿಗೆ ಕಣದಲ್ಲಿ ಹರಡಿದ ಕಾಫಿ ಹಣ್ಣು. ಎಷ್ಟೇ ಚೆಂದದ ಮಂಜಿನ ಚಿತ್ರವಿದ್ದರೂ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ನೇತುಹಾಕುವುದು ನನಗೆ ಒಗ್ಗುವುದಿಲ್ಲ.

ಕಾಫಿ ಹೂವಿನ ಚಿತ್ರಕ್ಕೆ ವಿಶೇಷ ಎಚ್ಚರ ಬೇಕು. ಬಿಸಿಲಿನಲ್ಲಿ ತೆಗೆದರೆ ಎಸಳುಗಳ ಗೆರೆಯೆಲ್ಲ ಅಳಿಸಿ ಬರಿಯ ಬಿಳಿ ಉಳಿಯುತ್ತದೆ. ಅಚ್ಚಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಆ ಜಾಗದಲ್ಲಿ ಕಾಣುವುದು ಖಾಲಿ ಕಾಗದ. ಮುಂಜಾನೆ ನೆರಳಿನಲ್ಲಿ, ಬೆಳಕನ್ನು ಒಂದಿಷ್ಟು ತಗ್ಗಿಸಿ ತೆಗೆದರೆ ಗೊಂಚಲಿನ ಒಂದೊಂದು ಹೂವೂ ಬಿಡಿಬಿಡಿಯಾಗಿ ಬರುತ್ತದೆ. ಸಿಲ್ವರ್ ಓಕ್ ಮರಗಳ ಕೆಳಗಿನ ಚಿತ್ರಗಳದು ಇದರ ತಿರುವುಮುರುವು. ಮೊಬೈಲಿನ ಪರದೆ ತಾನೇ ಬೆಳಗುವುದರಿಂದ ನೆರಳಿನೊಳಗಿನ ಎಲೆಯೂ ಕಾಣುತ್ತದೆ. ಕಾಗದದ ಮೇಲೆ ಅದು ಕಪ್ಪು ಮುದ್ದೆ. ಅಚ್ಚಿಗೆ ಕೊಡುವ ಮುನ್ನ ನೆರಳಿನ ಭಾಗವನ್ನು ಸ್ವಲ್ಪ ತಿಳಿಗೊಳಿಸಲೇಬೇಕು. ಮಳೆಗಾಲದ ಎಳೆ ಹಸಿರೂ ಪರದೆಯಲ್ಲಿ ಕಂಡಷ್ಟು ಹೊಳಪಾಗಿ ಬರುವುದಿಲ್ಲ, ಅಚ್ಚಿನ ನಾಲ್ಕು ಬಣ್ಣಗಳಿಗೆ ಆ ಶಕ್ತಿ ಇಲ್ಲ. ಬಣ್ಣವನ್ನು ಇನ್ನಷ್ಟು ಏರಿಸಿದರೆ ಗದ್ದೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಇದ್ದಂತೆ ಬಿಡಿ.

ಅಳತೆಯ ವಿಷಯ ಸರಳ. ನನ್ನದು ಎ3 ಹಾಳೆ: ಮೇಲರ್ಧ ಚಿತ್ರ, ಕೆಳಗರ್ಧ ದಿನಾಂಕ. ಎ4ನಷ್ಟಿರುವ ಆ ಮೇಲರ್ಧಕ್ಕೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 3508×2480 ಪಿಕ್ಸೆಲ್ ಬೇಕು; 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರ ಧಾರಾಳವಾಗಿ ಸಾಕು. ಅದೇ ಚಿತ್ರ ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಹೋದರೆ ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ನೆಂಟರಿಂದ ಚಿತ್ರ ತರಿಸುವಾಗ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಹೇಳಲು ಮರೆಯಬೇಡಿ. ಚಿತ್ರವನ್ನು ಹಾಳೆಯ ಅಂಚಿನಾಚೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಚಾಚಿದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುವುದಿಲ್ಲ.

ಇನ್ನು ಕೆಳಗರ್ಧ. ನನ್ನ ಪ್ರಕಾರ ಕ್ಯಾಲೆಂಡರಿನ ಜೀವ ಇರುವುದೇ ಇಲ್ಲಿ. ಕೊಡಗಿನ ತೋಟದ ಮನೆಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಬಂದವರು ‘75 ಸೆಂಟು’ ಎಂದು ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಆಳುಗಳ ಲೆಕ್ಕ, ಗ್ಯಾಸ್ ಬಂದ ದಿನ, ಹಸು ಕರು ಹಾಕಿದ ದಿನ ಎಲ್ಲ ಅದೇ ಚೌಕದಲ್ಲಿ. ಹಾಗಾಗಿ ಅಂಕಿಯನ್ನು ಮೂಲೆಗೆ ಸರಿಸಿ ಉಳಿದ ಚೌಕವನ್ನು ಖಾಲಿ ಬಿಡುತ್ತೇನೆ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಬಾಲ್‌ಪೆನ್ ಜಾರುತ್ತದೆ, ಆದ್ದರಿಂದ ಒಳಹಾಳೆಗಳಿಗೆ ಮ್ಯಾಟ್ ಕಾಗದ, ಲ್ಯಾಮಿನೇಷನ್ ಇಲ್ಲದೆ. ತೆಳು ಕಾಗದವಂತೂ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಅಲೆಅಲೆಯಾಗಿ ಮುದುಡುತ್ತದೆ. 170 ಜಿಎಸ್ಎಮ್ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ ಕಾಗದ) ಇರಲಿ, ಮೇಲೆ ತಂತಿ ಸುರುಳಿಯ ವೈರೋ ಬೈಂಡಿಂಗ್.

ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ತುಂಬಬೇಡಿ. ಅದಕ್ಕೆ ಪಂಚಾಂಗದ ಕ್ಯಾಲೆಂಡರ್ ಹೇಗೂ ಅಡುಗೆಮನೆಯಲ್ಲಿ ಇರುತ್ತದೆ. ನಮ್ಮ ದಿನಗಳು ಮಾತ್ರ ಸಾಕು: ಆಗಸ್ಟ್ 3ರ ಕಕ್ಕಡ ಹದಿನೆಂಟು (ಕಕ್ಕಡ ತಿಂಗಳ ಹದಿನೆಂಟನೆಯ ದಿನ), ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ, ಮನೆಯವರ ಹುಟ್ಟುಹಬ್ಬಗಳು. ಸುಗ್ಗಿಯ ಹಬ್ಬವಾದ ಹುತ್ತರಿಗೆ ಮಾತ್ರ ನಾನು ಅಂಕಿ ಅಚ್ಚು ಹಾಕಿಸುವುದಿಲ್ಲ. ಕದಿರು ತೆಗೆಯುವ ದಿನ, ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ಹಾಳೆಯ ಅಂಚಿನಲ್ಲಿ ‘ಹುತ್ತರಿ’ ಎಂದು ಬರೆದು ಎದುರಿಗೆ ಖಾಲಿ ಗೆರೆ ಎಳೆದಿರುತ್ತೇನೆ. ದಿನ ತಿಳಿದಾಗ ಮನೆಯ ಹಿರಿಯರು ಕೈಯಾರೆ ತುಂಬುತ್ತಾರೆ.

ಕನ್ನಡ ಅಕ್ಷರಗಳ ಮೇಲೂ ಕಣ್ಣಿಡಿ. ಹಳೆಯ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಪಠ್ಯ ತೆರೆದರೆ ಒತ್ತಕ್ಷರ ಕಳಚಿ ‘ಶುಕ್ರವಾರ’ವು ‘ಶುಕ್‌ರವಾರ’ ಆಗಿಬಿಡುತ್ತದೆ. ಅಕ್ಷರಶೈಲಿ ಒಳಗೇ ಸೇರಿದ ಪಿಡಿಎಫ್ ಕೊಡಿ, ಅಚ್ಚಿನವರ ಕಂಪ್ಯೂಟರಿನಲ್ಲೇ ಕೂತು ಹನ್ನೆರಡೂ ಪುಟ ಓದಿ.

ಎಲ್ಲಕ್ಕೂ ಮೊದಲು ಒಂದು ಹಾಳೆ ಮಾತ್ರ ಅಚ್ಚು ಹಾಕಿಸಿ ತನ್ನಿ. ನಿಮ್ಮ ಚಿತ್ರಗಳಲ್ಲಿ ಅತಿ ಕತ್ತಲಾದದ್ದನ್ನೇ ಅದಕ್ಕೆ ಆರಿಸಿ, ಕ್ಯಾಲೆಂಡರ್ ತೂಗುವ ಗೋಡೆಗೇ ಅಂಟಿಸಿ ಹಗಲು ಬೆಳಕಿನಲ್ಲಿ ನೋಡಿ. ಅದು ಸರಿ ಬಂದರೆ ಉಳಿದವೂ ಬರುತ್ತವೆ. ಡಿಸೆಂಬರಿನಲ್ಲಿ ಅಚ್ಚಿನವರಿಗೆ ಡೈರಿ, ಕ್ಯಾಲೆಂಡರ್ ಕೆಲಸದಿಂದ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ನಮಗೂ ಕಾಫಿ ಕೊಯ್ಲಿನ ಗಡಿಬಿಡಿ. ಕಾವೇರಿ ಸಂಕ್ರಮಣ ಮುಗಿದ ವಾರದಲ್ಲೇ ಫೈಲು ಹಿಡಿದು ಹೋಗಿ.