ನಮ್ಮ ಹಳೇ ಆರ್‌ವಿಗೆ ಎಷ್ಟು ಬೆಲೆ ಹೇಳೋದು?

2024ರ ಮೇ ತಿಂಗಳಲ್ಲಿ ನಮ್ಮ ಆರ್‌ವಿ ಮಾರಿದೆವು, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಮೋಟರ್‌ಹೋಮ್. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸುತ್ತಮುತ್ತಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಇಬ್ಬರು ಈಗ ತಮ್ಮದನ್ನು ಮಾರಬೇಕು ಅಂತಿದ್ದಾರೆ, ಇಬ್ಬರೂ ಕೇಳಿದ ಮೊದಲ ಪ್ರಶ್ನೆ ಒಂದೇ: ಎಷ್ಟು ಹೇಳೋದು? ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ.

ನಮ್ಮದು 2017ರ ಮಾಡೆಲ್, 28 ಅಡಿ ಉದ್ದದ ಕ್ಲಾಸ್ ಸಿ, ಅಂದರೆ ವ್ಯಾನಿನ ಚಾಸಿಯ ಮೇಲೆ ಮನೆ ಕಟ್ಟಿದಂಥದ್ದು. ಫೋರ್ಡ್ ಇ-450 ಚಾಸಿ, ವಿ10 ಇಂಜಿನ್. 2020ರ ಆಗಸ್ಟ್‌ನಲ್ಲಿ 58 ಸಾವಿರ ಡಾಲರ್ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆವು. ಕೋವಿಡ್ ಸಮಯ, ವಿಮಾನ, ಹೋಟೆಲ್ ಅಂದರೆ ಹೆದರಿಕೆ, ಎಲ್ಲರಿಗೂ ಆರ್‌ವಿ ಬೇಕಿತ್ತು. ಮುಂದಿನ ವರ್ಷ, 2021ರಲ್ಲಿ, ಕಾರ್ಖಾನೆಗಳಿಂದ ಡೀಲರುಗಳಿಗೆ 6 ಲಕ್ಷ ಹೊಸ ಆರ್‌ವಿಗಳು ಹೋದವು. 2023ಕ್ಕೆ ಅದು 3 ಲಕ್ಷ 13 ಸಾವಿರಕ್ಕೆ ಇಳಿದಿತ್ತು. ಆ ಭರಾಟೆಯಲ್ಲಿ ಕೊಂಡ ಎಷ್ಟೋ ಗಾಡಿಗಳು ನಾವು ಮಾರುವ ಹೊತ್ತಿಗೆ ಒಟ್ಟಿಗೆ ಮಾರಾಟಕ್ಕೆ ಬಂದು ನಿಂತಿದ್ದವು. ನಾವು ಕೊಟ್ಟ 58 ಸಾವಿರ ಆ ಬೇಸಿಗೆಯ ಬೆಲೆ, ಗಾಡಿಯ ಬೆಲೆ ಅಲ್ಲ.

ಇದನ್ನು ಒಪ್ಪಿಕೊಳ್ಳುವುದೇ ನನಗೆ ಕಷ್ಟವಾಯಿತು. 48 ಸಾವಿರ ಸಾಲ ಮಾಡಿದ್ದೆವು, 15 ವರ್ಷದ ಅವಧಿ. 45 ಕಂತುಗಳಲ್ಲಿ 18 ಸಾವಿರಕ್ಕೂ ಜಾಸ್ತಿ ಕಟ್ಟಿದ ಮೇಲೂ ಅಸಲು ಇಳಿದದ್ದು 8 ಸಾವಿರ ಮಾತ್ರ. ಇನ್ನೂ 40 ಸಾವಿರ ಬಾಕಿ. "ರೀ, ಸಾಲ ತೀರಿ ಕೈಗೆ ಒಂದು ಹತ್ತಾದರೂ ಬರಬೇಕಲ್ವಾ, 50 ಅಂತ ಹಾಕಿ" ಅಂದಳು ನನ್ನ ಹೆಂಡತಿ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಆ ವಾರ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ಇದೇ ವಿಷಯ ಬಂತು. ಅವರು ದೊಡ್ಡಬಳ್ಳಾಪುರದ ಕಡೆಯವರು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಮಾರಿದವರು, ಕೊಂಡವರು. "ನೀನು ಎಷ್ಟಕ್ಕೆ ತಂದೆ, ಎಷ್ಟು ಹುಲ್ಲು ಹಾಕಿದೆ ಅಂತ ಕೊಳ್ಳೋನು ಕೇಳಲ್ಲ ಕಣೋ. ಬಾಯಿ ಬಿಡಿಸಿ ಹಲ್ಲು ನೋಡ್ತಾನೆ, ನಡೆಸಿ ನೋಡ್ತಾನೆ. ಅವನು ನೋಡೋಕೆ ಮೊದಲು ನೀನೇ ನೋಡಿಕೋ" ಅಂದರು. ನಾನು ಮಾಡಿದ್ದು ಅಷ್ಟೇ.

ಮೊದಲು ಹಳೇ ಗಾಡಿಗಳ ಅಂದಾಜು ಬೆಲೆ ಹೇಳುವ ಜೆ.ಡಿ. ಪವರ್ ಗೈಡ್ ನೋಡಿದೆ, ಹಿಂದೆ ಎನ್‌ಎಡಿಎ ಅಂತಿದ್ದದ್ದು. ಅಲ್ಲಿ ಒಂದು ಎಚ್ಚರ ಬೇಕು. ಜೊತೆಗೆ ಏನೇನಿದೆ ಅಂತ ಕೇಳುವ ಪಟ್ಟಿಯಲ್ಲಿ ಎಸಿ, ಜನರೇಟರ್, ಮೈಕ್ರೊವೇವ್ ಎಲ್ಲಕ್ಕೂ ಟಿಕ್ ಹಾಕುತ್ತಾ ಹೋದರೆ ಬೆಲೆ ಏರುತ್ತಲೇ ಹೋಗುತ್ತದೆ. ಆದರೆ ಆ ಮಾಡೆಲ್‌ಗೆ ಕಂಪನಿಯಿಂದಲೇ ಬಂದ ಸಾಮಾನು ಮೂಲ ಬೆಲೆಯಲ್ಲೇ ಸೇರಿರುತ್ತದೆ. ಅದಕ್ಕೂ ಟಿಕ್ ಹಾಕಿದರೆ ಎರಡು ಸಲ ಲೆಕ್ಕ ಹಾಕಿದ ಹಾಗೆ.

ಗೈಡ್‌ಗಿಂತ ಉಪಯೋಗಕ್ಕೆ ಬಂದದ್ದು ಒಂದು ನೋಟ್‌ಬುಕ್. ನಮ್ಮದೇ ಮಾಡೆಲ್, ಹೆಚ್ಚುಕಮ್ಮಿ ಅದೇ ವರ್ಷ, ಅಷ್ಟೇ ಮೈಲಿ ಓಡಿದ ಗಾಡಿಗಳ ಜಾಹೀರಾತು ಹುಡುಕಿ ಬರೆದುಕೊಂಡೆ, ಆರು ವಾರ ದಿನಾ ನೋಡಿದೆ. 44ರಿಂದ 56 ಸಾವಿರದವರೆಗೆ ಕೇಳುತ್ತಿದ್ದರು. 50ರ ಮೇಲಿದ್ದವು ಅಲ್ಲೇ ಕೂತಿದ್ದವು, ಎರಡು ವಾರಕ್ಕೊಮ್ಮೆ ಒಂದೊಂದು ಸಾವಿರ ಇಳಿಯುತ್ತಿದ್ದವು. 45, 46ಕ್ಕೆ ಹಾಕಿದವು ಹತ್ತು ದಿನದೊಳಗೆ ಕಾಣೆಯಾದವು. ಜಾಹೀರಾತಿನಲ್ಲಿ ಇರುವುದು ಮಾರುವವನ ಆಸೆ. ಕೈ ಬದಲಾದ ಬೆಲೆ ಬೇಕಿದ್ದರೆ ಯಾವುದು ಬೇಗ ಹೋಯಿತು ಅಂತ ನೋಡಬೇಕು. ಒಬ್ಬ ಡೀಲರ್ 34 ಸಾವಿರ ಕೊಡುತ್ತೇನೆ ಅಂದ. ಅವನೂ ಸರಿಮಾಡಿಸಿ, ಜಾಗದಲ್ಲಿ ನಿಲ್ಲಿಸಿ, ಲಾಭ ಇಟ್ಟು ಮಾರಬೇಕಲ್ಲ. ನಾನು 45,500ರಿಂದ ಲೆಕ್ಕ ಶುರು ಮಾಡಿದೆ.

ಇನ್ನು ಹಲ್ಲು ನೋಡುವ ಕೆಲಸ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲು ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. ನಮ್ಮದರಲ್ಲಿ 2317 ಇತ್ತು. ಅಂದರೆ 2017ರ 23ನೇ ವಾರ ತಯಾರಾದದ್ದು. ಆರೂ ಟೈರಿನ ಗ್ರಿಪ್ ಹೊಸದರ ಹಾಗೇ ಇತ್ತು, ಆದರೆ ಏಳು ವರ್ಷ ಬಿಸಿಲಲ್ಲಿ ನಿಂತ ರಬ್ಬರ್. ಆರ್‌ವಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಕೊಂಡವರು ಮೊದಲ ತಿಂಗಳೇ ಹಾಕಿಸಬೇಕು. ಅದಕ್ಕೆ 1,300 ಕಳೆದೆ. ಛಾವಣಿಯ ಅಂಚಿನಲ್ಲಿ ನೀರು ಒಳಗೆ ಬರದ ಹಾಗೆ ಮೆತ್ತುವ ಸೀಲಂಟ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಲು 800 ಕಳೆದೆ. ಸೋಲಾರ್ ಪ್ಯಾನೆಲ್ ಮತ್ತು ಲಿಥಿಯಂ ಬ್ಯಾಟರಿಗೆ ನಾನು ಸುರಿದದ್ದು 3,800. ಅದಕ್ಕೆ ಸೇರಿಸಿದ್ದು 1,000 ಮಾತ್ರ. ನನ್ನ ಇಷ್ಟಕ್ಕೆ ಹಾಕಿಸಿಕೊಂಡದ್ದು, ಮೂರು ಬೇಸಿಗೆ ಅನುಭವಿಸಿದ್ದೂ ನಾನೇ.

ಆಮೇಲೆ ನೀರು. ಆರ್‌ವಿಯ ಬೆಲೆ ಕೊನೆಗೆ ನಿಲ್ಲುವುದು ಇದರ ಮೇಲೆ. ಕ್ಲಾಸ್ ಸಿ ಗಾಡಿಯಲ್ಲಿ ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿದ ಹಾಸಿಗೆ ಇರುತ್ತದಲ್ಲ, ಅದರ ಮೂಲೆಗಳಲ್ಲಿ ಸೋರುವುದು ಜಾಸ್ತಿ. ನಾವು ಕೊಂಡ ವರ್ಷ, ನವೆಂಬರ್‌ನ ಮೊದಲ ಮಳೆಗೆ ಅಲ್ಲಿ ಮಲಗಿದ್ದ ಮಗಳು ಎದ್ದು ಬಂದು "ಅಪ್ಪಾ, ದಿಂಬು ಒದ್ದೆ" ಅಂದಳು. ಒಳಗಿನ ಮರ ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹೊರಗೆ ಹೊಸ ಸೀಲಂಟ್ ಮೆತ್ತಿತ್ತು, ಅಂದರೆ ಮಾರಿದವರಿಗೆ ಗೊತ್ತಿತ್ತು. ರಿಪೇರಿಗೆ 4,600 ಡಾಲರ್ ಆಯಿತು. ದುಡ್ಡು ಹೋದದ್ದಕ್ಕಿಂತ, ಎದುರು ಕೂತು ಚಹಾ ಕೊಟ್ಟವರು ಹೇಳಲಿಲ್ಲವಲ್ಲ ಅನ್ನುವ ನೋವು ಬಹಳ ದಿನ ಇತ್ತು.

ಅದಕ್ಕೇ ನಾನು ಜಾಹೀರಾತಿನ ಎರಡನೇ ಸಾಲಿನಲ್ಲೇ ಸೋರಿದ ಕಥೆ ಬರೆದೆ. ರಿಪೇರಿ ಬಿಲ್, ಮರ ಬದಲಿಸಿದ ಫೋಟೋ ಎಲ್ಲ ಹಾಕಿದೆ. ಒಮ್ಮೆ ಸೋರಿದ ಗಾಡಿ ಅನ್ನುವ ಕಾರಣಕ್ಕೆ ಇನ್ನೂ 500 ಕಳೆದೆ. ಕೂಡಿ ಕಳೆದು ಬಂದದ್ದು 43,900. ಅದನ್ನೇ ಹಾಕಿದೆ. "ಚೌಕಾಸಿಗೆ ಅಂತ ಮೇಲೆ ಮೂರು ಸಾವಿರ ಇಡಿ" ಅಂತ ಒಬ್ಬ ಗೆಳೆಯ ಹೇಳಿದ, ಇಡಲಿಲ್ಲ. ಪ್ರತಿ ನೂರಕ್ಕೂ ಕಾರಣ ಹೇಳಬಲ್ಲೆ ಅನ್ನುವ ಬೆಲೆ ಹೇಳಿದರೆ ಮಾತಾಡುವಾಗ ಧ್ವನಿ ನಡುಗುವುದಿಲ್ಲ.

ನಾಲ್ಕನೇ ದಿನ ನಿವೃತ್ತ ದಂಪತಿ ಬಂದರು. ಅವರ ಕೈಯಲ್ಲಿ ತೇವ ಅಳೆಯುವ ಮೀಟರ್ ಇತ್ತು, ಅದು ನೋಡಿ ನನಗೆ ಖುಷಿಯಾಯಿತು. ಮೇಲಿನ ಹಾಸಿಗೆಯ ಮೂಲೆ ತೋರಿಸಿ "ಮೊದಲು ಇಲ್ಲಿ ನೋಡಿ" ಅಂದೆ. ಜನರೇಟರ್ ಅರ್ಧ ಗಂಟೆ ಓಡಿಸಿದರು, ಫ್ರಿಜ್ ಗ್ಯಾಸಿನಲ್ಲೂ ಕರೆಂಟಿನಲ್ಲೂ ತಣ್ಣಗಾಗುತ್ತಾ ನೋಡಿದರು. ಆಮೇಲೆ 42 ಸಾವಿರ ಕೇಳಿದರು. ನೋಟ್‌ಬುಕ್ ಮುಂದಿಟ್ಟೆ. ಅವರು ಒಂದೊಂದೇ ಸಾಲು ಓದಿ, ಟೈರಿನ ಹತ್ತಿರ ನಿಂತು, ತಾವು ವಿಚಾರಿಸಿದ ಅಂಗಡಿಯಲ್ಲಿ ಆರಕ್ಕೆ 1,500 ಹೇಳಿದ್ದಾರೆ ಅಂತ ಫೋನ್ ತೋರಿಸಿದರು. ಅದು ಸರಿ ಇತ್ತು. 200 ಇಳಿಸಿದೆ. 43,700ಕ್ಕೆ ಮುಗಿಯಿತು.

ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ವರ್ಷದ ಗಾಡಿಗೆ ಸ್ಮಾಗ್ ಸರ್ಟಿಫಿಕೇಟ್, ಅಂದರೆ ಹೊಗೆ ಪರೀಕ್ಷೆಯ ಪತ್ರ, ಮಾರುವವರೇ ಕೊಡಬೇಕು, ಅದನ್ನು ಮೊದಲೇ ಮಾಡಿಸಿಟ್ಟಿದ್ದೆ. ಹಣದ ವ್ಯವಹಾರ ಸಾಲ ಕೊಟ್ಟ ಬ್ಯಾಂಕಿನಲ್ಲೇ ಕೂತು ಮುಗಿಸಿದೆವು. ನಕಲಿ ಚೆಕ್ ಭಯ ಇಲ್ಲ, ಸಾಲವೂ ಅಲ್ಲೇ ತೀರಿತು. ಕೈಗೆ ಬಂದದ್ದು 3,700. ಗಾಡಿ ಹಸ್ತಾಂತರ ಆಯಿತು ಅಂತ ವಾಹನ ನೋಂದಣಿ ನೋಡಿಕೊಳ್ಳುವ ಡಿಎಂವಿಗೆ ಐದು ದಿನದೊಳಗೆ ತಿಳಿಸಬೇಕು, ಇದನ್ನು ಮರೆಯಬೇಡಿ.

ನವೆಂಬರ್‌ನಲ್ಲಿ ಮೊದಲ ಜೋರು ಮಳೆ ಬಂದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗಾಡಿ ಕೊಂಡ ದಂಪತಿಗೆ ಮೆಸೇಜ್ ಮಾಡಿದೆ. ಆಕೆ ಮೇಲಿನ ಹಾಸಿಗೆಯ ಫೋಟೋ ಕಳಿಸಿದರು. ಮೂಲೆ ಒಣಗಿತ್ತು, ಮೇಲೆ ಅವರ ಮೊಮ್ಮಗ ಮಲಗಿದ್ದ.