ಮಾವನ ಬದುವಿನ ಬಾರಿಕಂಟಿ

ಬಾರಿಕಂಟಿ ಅಂದರೆ ಕಾಡು ಬೋರೆಹಣ್ಣಿನ ಪೊದೆ. ಅದರ ಮುಳ್ಳು ಚುಚ್ಚುವುದು ದೊಡ್ಡ ವಿಷಯವಲ್ಲ. ಚುಚ್ಚಿದ ಮೇಲೆ ಬಿಡುವುದಿಲ್ಲ, ತೊಂದರೆ ಅದೇ. ಪ್ರತಿ ಎಲೆಯ ಬುಡದಲ್ಲಿ ಎರಡು ಮುಳ್ಳು ಜೋಡಿಯಾಗಿರುತ್ತವೆ. ಒಂದು ಉದ್ದ, ನೆಟ್ಟಗೆ. ಇನ್ನೊಂದು ಗಿಡ್ಡ, ಕೆಳಕ್ಕೆ ಬಾಗಿದ ಕೊಕ್ಕೆ. ಕೈ ಒಳಗೆ ಹೋಗುವಾಗ ನೆಟ್ಟಗಿನದು ತಡೆಯುತ್ತದೆ, ಹೊರಗೆ ಬರುವಾಗ ಕೊಕ್ಕೆ ಹಿಡಿಯುತ್ತದೆ. ಗಾಬರಿಯಿಂದ ಎಳೆದುಕೊಂಡರೆ ಅಂಗಿ ಹರಿಯುತ್ತದೆ, ಇಲ್ಲಾ ಚರ್ಮ. ಕೈಯನ್ನು ಇನ್ನಷ್ಟು ಒಳಗೆ ತಳ್ಳಿ, ಓರೆ ಮಾಡಿ, ನಿಧಾನಕ್ಕೆ ತೆಗೆಯಬೇಕು. ಗದಗ ಸೀಮೆಯ ಹಳ್ಳಿ ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆ ಭಾನುವಾರ ಸಿಕ್ಕಿಬಿದ್ದವನು ಜೆಸಿಬಿ ಡ್ರೈವರ್. ಕಂಟಿ ಕೀಳಲು ಬಂದವನು, ಗಾಡಿ ನಿಲ್ಲಿಸಿ ಮೊದಲು ಹಣ್ಣು ತಿನ್ನಲು ಕೈ ಹಾಕಿದ್ದ. ನಮ್ಮ ಮಾವ ನಗುತ್ತಾ ನಿಂತಿದ್ದರು. "ಎಳೀಬ್ಯಾಡೋ ತಮ್ಮಾ, ಅದು ಹಂಗ ಬಿಡೂದಿಲ್ಲ" ಅಂದರು. ಅಷ್ಟರಲ್ಲಿ ಅವನ ತೋಳು ಹರಿದಿತ್ತು.

ಮಾವನ ಹೊಲ ಇರುವುದು ಡಂಬಳದ ಕಡೆ, ಕಪ್ಪತಗುಡ್ಡದ ಬುಡದಲ್ಲಿ. ಕೆಂಪು ಮಣ್ಣಿನ ಮಸಾರಿ ಭೂಮಿ. ಮುಂಗಾರಿಗೆ ಹೆಸರು, ಶೇಂಗಾ ಬೆಳೆಯುತ್ತಾರೆ. ಜನವರಿಯಲ್ಲಿ ಹೊಲ ಖಾಲಿ. ಹೊಲಕ್ಕೆ ಎರಡು ಕಡೆ ಉದ್ದನೆಯ ಬದು. ಒಂದು ಬಂಡಿದಾರಿ ಕಡೆ, ಇನ್ನೊಂದು ಹಳ್ಳದ ಕಡೆ. ಎರಡರ ಮೇಲೂ ಬಾರಿಕಂಟಿ, ಕವಳಿ, ಬಳ್ಳಾರಿ ಜಾಲಿ ಒಂದರೊಳಗೊಂದು ಸೇರಿ ಬೆಳೆದಿದ್ದವು. ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲುವುದಿಲ್ಲ, ಹಂದಿ ಬಂದು ಕೂರುತ್ತವೆ, ಅದಕ್ಕೇ ಎಲ್ಲ ತೆಗೆಸಿಬಿಡುತ್ತೇನೆ ಅಂತ ಮಾವ ಫೋನ್ ಮಾಡಿದ್ದರು. ನೀನು ಸುಮ್ನೆ ಬಾ, ಹೊಲ ನೋಡಿದಂಗ ಆಗ್ತೈತಿ ಅಂತಲೂ ಅಂದಿದ್ದರು. ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿ ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೂತವನು. ಗಿಡ ಕೀಳುವ ಸುದ್ದಿ ಕೇಳಿದರೆ ಹೋಗದೆ ಇರಲು ಆಗಲಿಲ್ಲ.

ಜೆಸಿಬಿ ಬಂಡಿದಾರಿ ಕಡೆಯಿಂದ ಶುರು ಮಾಡಿತು. ಜಾಲಿ ಸಲೀಸಾಗಿ ಬಂತು. ಬಾರಿಕಂಟಿ ಬರಲಿಲ್ಲ. ಮೇಲೆ ನೋಡಿದರೆ ಸೊಂಟದೆತ್ತರ ಕೂಡ ಇರದ ಕುರುಚಲು. ಬಕೆಟ್ ಹಾಕಿ ಎತ್ತಿದರೆ ಟೊಂಗೆ ಮುರಿದು ಬರುತ್ತದೆ, ಬುಡ ಅಲ್ಲೇ. ಡ್ರೈವರ್‌ಗೆ ಆಗಲೇ ಸಿಟ್ಟು ಇತ್ತಲ್ವಾ, ಹಟಕ್ಕೆ ಬಿದ್ದು ಆಳೆತ್ತರದ ಗುಂಡಿಯನ್ನೇ ತೋಡಿದ. ಬೇರು ಗರಸುಮಣ್ಣಿನ ಮಧ್ಯೆ ನೆಟ್ಟಗೆ ಇಳಿದಿತ್ತು. ಗುಂಡಿಯ ತಳದಲ್ಲೂ ಅದು ಹೆಬ್ಬೆರಳಿನಷ್ಟು ದಪ್ಪ ಇತ್ತು, ಇನ್ನೂ ಕೆಳಗೆ ಹೋಗಿತ್ತು. ಮಾವ ಬಗ್ಗಿ ನೋಡಿ, "ಇದರ ಜಾತಕ ಬ್ಯಾರೇನ ಐತಿ" ಅಂದರು.

ನಿಜವಾಗಿಯೂ ಬೇರೆ. ಇದು ಮರುಭೂಮಿಯ ಗಿಡ. ಜಿಜಿಫಸ್ ನಮ್ಯುಲೇರಿಯಾ ಅಂತ ಇದರ ಶಾಸ್ತ್ರೀಯ ಹೆಸರು. ಸಂತೆಯಲ್ಲಿ ಮಾರುವ ದೊಡ್ಡ ಬಾರಿಹಣ್ಣಿನ ಮರಕ್ಕೆ ಹತ್ತಿರದ ಸಂಬಂಧಿ. ಇರಾನ್, ಪಾಕಿಸ್ತಾನದಿಂದ ಹಿಡಿದು ರಾಜಸ್ಥಾನದ ಥಾರ್, ಗುಜರಾತ್ ದಾಟಿ ನಮ್ಮ ದಖ್ಖನ್ನಿನ ಒಣ ಸೀಮೆಯವರೆಗೂ ಹಬ್ಬಿದೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದ ಮೇಲೆ ಮಳೆ ಸುರಿಸಿ ಹಗುರಾಗಿ ಈ ಕಡೆ ಬರುತ್ತವೆ. ಧಾರವಾಡದಿಂದ ಪೂರ್ವಕ್ಕೆ ಬರುತ್ತಾ ಬರುತ್ತಾ ಮಳೆ ಇಳಿಯುತ್ತದೆ. ಗದಗ ಜಿಲ್ಲೆಗೆ ವರ್ಷಕ್ಕೆ ಸಿಗುವುದು ಸುಮಾರು 600 ಮಿಲಿಮೀಟರ್. ಜೈಸಲ್ಮೇರ್ ಕಡೆ 200 ಕೂಡ ದಾಟದ ಮಳೆಯಲ್ಲಿ ಬದುಕುವ ಗಿಡಕ್ಕೆ ನಮ್ಮ ಬರಗಾಲವೂ ಸುಗ್ಗಿಯೇ.

ಬಿದ್ದಿದ್ದ ಟೊಂಗೆಯಿಂದ ಒಂದು ಎಲೆ ಕಿತ್ತು ಮಾವನಿಗೆ ತೋರಿಸಿದೆ. ಗುಂಡನೆಯ ಸಣ್ಣ ಎಲೆ. ಬುಡದಿಂದ ಮೂರು ನರ ಹೊರಟು ತುದಿಯ ಕಡೆ ಹೋಗುತ್ತವೆ. ಮೇಲೆ ಹಸಿರು, ತಿರುಗಿಸಿದರೆ ಬೆಳ್ಳಗೆ. ಉಗುರಿನಿಂದ ಕೆರೆದರೆ ಆ ಬಿಳುಪು ಕಂಬಳಿಯ ಜುಂಗಿನ ಹಾಗೆ ಎದ್ದು ಬರುತ್ತದೆ. ಎಲೆಯ ತಳದ ಉಸಿರುರಂಧ್ರಗಳು ಈ ರೋಮದ ಹೊದಿಕೆಯ ಕೆಳಗೆ ಇರುವುದರಿಂದ ಬಿಸಿಗಾಳಿ ನೇರವಾಗಿ ನೀರು ಹೀರಲು ಆಗುವುದಿಲ್ಲ. ಅದೂ ಸಾಲದೆ ಹೋದರೆ ಕಡುಬೇಸಿಗೆಯಲ್ಲಿ ಎಲೆಯನ್ನೇ ಉದುರಿಸಿ ಬರೀ ಮುಳ್ಳಾಗಿ ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಚಿಗುರಿ, ಎಲೆಯ ಸಂದಿನಲ್ಲಿ ಹಳದಿ ಹಸಿರಿನ ಪುಟಾಣಿ ಹೂ ಬಿಡುತ್ತದೆ. ಹೂವನ್ನು ನಾವು ಗಮನಿಸುವುದೇ ಇಲ್ಲ. ನೊಣ, ಕಣಜ, ಜೇನಿಗೆ ಮಾತ್ರ ಗೊತ್ತು.

ಮುಳ್ಳಿನ ಕತೆ ನನಗೆ ಕಾಲೇಜಿನಿಂದಲೂ ಇಷ್ಟ. ನೋಡಲು ಎಲ್ಲ ಮುಳ್ಳೂ ಒಂದೇ. ಹುಟ್ಟು ಬೇರೆ ಬೇರೆ. ಎಷ್ಟೋ ಗಿಡಗಳಲ್ಲಿ ಎಲೆಯ ಬುಡಕ್ಕೆ ಎರಡು ಪುಟ್ಟ ಎಲೆಚೂರು ಅಂಟಿಕೊಂಡಿರುತ್ತವೆ. ಬಾರಿಯಲ್ಲಿ ಅವೇ ಗಟ್ಟಿಯಾಗಿ ಮುಳ್ಳಾಗಿವೆ. ಪಕ್ಕದಲ್ಲೇ ಇದ್ದ ಕವಳಿಯ ಮುಳ್ಳು ಹಾಗಲ್ಲ, ಅದು ಟೊಂಗೆಯೇ ಗಿಡ್ಡಾಗಿ ಚೂಪಾದದ್ದು. ಪಾಪಾಸುಕಳ್ಳಿಯಲ್ಲಿ ಎಲೆಯೇ ಮುಳ್ಳು. ಇದನ್ನೆಲ್ಲ ನಾನು ಉತ್ಸಾಹದಲ್ಲಿ ಹೇಳುತ್ತಿದ್ದರೆ ಮಾವ ಗಡಿಯಾರ ನೋಡುತ್ತಿದ್ದರು. ಜೆಸಿಬಿಗೆ ತಾಸಿನ ಲೆಕ್ಕ. ನನ್ನ ಪಾಠಕ್ಕೆ ಲೆಕ್ಕ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಕುರಿ ಕಾಯುವ ಅಜ್ಜ ಒಬ್ಬರು ಹಿಂಡು ಹೊಡೆದುಕೊಂಡು ಬಂದರು. ಕಿತ್ತು ಹಾಕಿದ ರಾಶಿಗೆ ಆಡುಗಳು ಮುಗಿಬಿದ್ದವು. ಅಷ್ಟು ಮುಳ್ಳಿನ ನಡುವೆ ತುಟಿಯಿಂದ ಒಂದೊಂದೇ ಎಲೆ ಬಿಡಿಸಿ ತಿನ್ನುವುದನ್ನು ನೋಡಬೇಕು. ಅಜ್ಜನಿಗೆ ಬೇಜಾರಾಗಿತ್ತು.

"ಜಾಲಿ ತಗಸ್ರಿ ಗೌಡ್ರ, ಬ್ಯಾಡನ್ನೂದಿಲ್ಲ. ಬಾರಿ ಯಾಕ ತಗಸ್ತೀರಿ? ಬ್ಯಾಸಗಿ ಬರೂತನಾ ಇದರಾಗ ಹಸರು ಇರ್ತೈತಿ."

ರಾಜಸ್ಥಾನದಲ್ಲಿ ಇದೇ ಗಿಡದ ಒಣ ಎಲೆಯನ್ನು 'ಪಾಲಾ' ಅಂತ ಕರೆದು ಕೂಡಿಡುತ್ತಾರೆ. ಮಳೆಗಾಲ ಮುಗಿದ ಮೇಲೆ ಕಂಟಿಯನ್ನು ನೆಲಮಟ್ಟಕ್ಕೆ ಕಡಿದು, ಒಣಗಿಸಿ, ಕೋಲಿನಿಂದ ಬಡಿದು ಎಲೆ ಉದುರಿಸುತ್ತಾರೆ. ಎಲೆ ಆಡು, ಒಂಟೆಗಳ ಹೊಟ್ಟೆಗೆ, ಉಳಿದ ಮುಳ್ಳುಟೊಂಗೆ ಬೇಲಿಗೆ. ಈ ಒಣ ಎಲೆಯಲ್ಲಿ ಪ್ರೊಟೀನ್ ನೂರಕ್ಕೆ 12ರ ಆಸುಪಾಸು ಇರುತ್ತದೆ. ಜೋಳದ ಕಣಿಕಿಯಲ್ಲಿ, ಅಂದರೆ ಒಣ ದಂಟಿನಲ್ಲಿ, ಇಷ್ಟು ಸಿಗುವುದಿಲ್ಲ. ಮುಂದಿನ ಮಳೆಗೆ ಅದೇ ಬುಡದಿಂದ ಮತ್ತೆ ಚಿಗುರು. ಕಂಟಿಗಳ ನಡುವೆ ಸಜ್ಜೆ ಬಿತ್ತುತ್ತಾರೆ. ನಮ್ಮ ಕಡೆ ಎಲೆ ಕೂಡಿಡುವ ರೂಢಿಯನ್ನು ನಾನಂತೂ ನೋಡಿಲ್ಲ. ಬಹುಶಃ ಜೋಳದ ಕಣಿಕಿ, ಶೇಂಗಾ ಹೊಟ್ಟು ನಮಗೆ ಇಷ್ಟು ದಿನ ಸಾಕಾಗಿತ್ತು.

ಜಾಲಿಯ ವಿಷಯದಲ್ಲಿ ನಾನು ಅಜ್ಜನ ಪಕ್ಷ. ಬಳ್ಳಾರಿ ಜಾಲಿ ಹೆಸರಿಗೆ ಬಳ್ಳಾರಿಯದು, ಮೂಲ ಅಮೆರಿಕ ಖಂಡದ ಕಡೆಯದು. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಆಂಧ್ರದ ಕಡಪ ಸೀಮೆಯಲ್ಲಿ ಬೆಳೆಸಿದರು. ಸೌದೆಗೆ ಆಗುತ್ತದೆ ಅಂತ ಬಂದದ್ದು ಹಳ್ಳ, ಕೆರೆ, ಗೋಮಾಳ ಎಲ್ಲ ನುಂಗಿತು. ಅದರ ಕೆಳಗೆ ಹುಲ್ಲು ಬೆಳೆಯುವುದೂ ಕಷ್ಟ. ಬಾರಿಕಂಟಿ ಹಾಗೆ ದಬ್ಬಾಳಿಕೆ ಮಾಡುವುದಿಲ್ಲ. ಅದರ ಸುತ್ತ ಗಾಳಿ ತಂದ ಮಣ್ಣು, ಕಸಕಡ್ಡಿ ನಿಲ್ಲುತ್ತದೆ, ಒಳಗೆ ಹುಲ್ಲು ಬೆಳೆಯುತ್ತದೆ. ಆದರೂ ಜೆಸಿಬಿ ಬಂದಾಗ ಎರಡಕ್ಕೂ ಒಂದೇ ಹೆಸರು, ಮುಳ್ಳು.

ಮಧ್ಯಾಹ್ನ ಅತ್ತೆ ರೊಟ್ಟಿ ಬುತ್ತಿ ತಂದರು. ಎಲ್ಲರೂ ಊಟಕ್ಕೆ ಕೂತಾಗ ನಾನು ಹಳ್ಳದ ಕಡೆಯ ಬದುವಿಗೆ ಹೋದೆ. ಅಲ್ಲಿ ಕಂಟಿ ಇನ್ನೂ ದಟ್ಟ. ಒಂದು ಮುಳ್ಳಿಗೆ ಮಿಡತೆ ಚುಚ್ಚಿ ನೇತಾಡುತ್ತಿತ್ತು. ಕಳಿಂಗ ಹಕ್ಕಿಯ ಕೆಲಸ. ಅದಕ್ಕೆ ಹದ್ದಿನಂಥ ಬಲವಾದ ಕಾಲು ಇಲ್ಲ. ಹಿಡಿದ ಹುಳವನ್ನು ಮುಳ್ಳಿಗೆ ಸಿಗಿಸಿ ಕೊಕ್ಕಿನಿಂದ ಹರಿದು ತಿನ್ನುತ್ತದೆ, ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗಿ ಆಮೇಲೆ ಬರುತ್ತದೆ. ಫೋಟೋ ತೆಗೆಯಲು ಕುಕ್ಕರುಗಾಲಲ್ಲಿ ಕೂತು ಕಂಟಿಯ ಒಳಗೆ ನೋಡಿದೆ. ನಡುವೆ ಮುಳ್ಳೇ ಇಲ್ಲದ ಒಂದು ಸಸಿ. ಎಲೆಗಳು ಎದುರುಬದುರು, ನುಣುಪು, ತಳ ಸ್ವಲ್ಪ ಬಿಳಚು. ಶ್ರೀಗಂಧ.

ಮಾವನನ್ನು ಕೂಗಿದೆ. ರೊಟ್ಟಿ ತುತ್ತು ಕೈಯಲ್ಲೇ ಹಿಡಿದು ಬಂದರು.

ಇದೇನು ಪವಾಡವಲ್ಲ. ಗಂಧದ ಹಣ್ಣನ್ನು ಬುಲ್‌ಬುಲ್, ಕೋಗಿಲೆ ತಿಂದು, ಮುಳ್ಳುಕಂಟಿಯಲ್ಲಿ ಕೂತು ಬೀಜ ಹಾಕುತ್ತವೆ. ಬಯಲಲ್ಲಿ ಬಿದ್ದ ಬೀಜ ಮೊಳೆತರೆ ದನ, ಆಡು ಬಿಡುವುದಿಲ್ಲ. ಕಂಟಿಯೊಳಗೆ ನೆರಳೂ ಇದೆ, ಕಾವಲೂ ಇದೆ. ಇನ್ನೊಂದು ಮುಖ್ಯ ಸಂಗತಿ ಅಂದರೆ ಗಂಧ ಅರ್ಧ ಪರಾವಲಂಬಿ. ಎಲೆಯಲ್ಲಿ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ನೀರು ಮತ್ತು ಲವಣಕ್ಕೆ ಮಾತ್ರ ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸುತ್ತದೆ. ಆಳಕ್ಕೆ ಇಳಿದ ಬಾರಿಬೇರಿನಂಥ ಆಸರೆ ಸಿಕ್ಕರೆ ಕೇಳಬೇಕೇ? ಕಂಟಿ ಕಿತ್ತರೆ ಸಸಿ ಉಳಿಯುವುದು ಕಷ್ಟ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು. "ಗಂಧ ಅಂದ್ರ ಸರ್ಕಾರದ್ದಲ್ಲೇನೋ ಅಳಿಯಾ? ನಮಗ್ಯಾಕ ಬೇಕು ಉಸಾಬರಿ."

ಹಳಬರಿಗೆ ಈ ಭಯ ಇನ್ನೂ ಹೋಗಿಲ್ಲ. ಮೊದಲು ನಮ್ಮ ಹೊಲದಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ ಆಗಿತ್ತು. ಹಾಗಾಗಿ ಎಷ್ಟೋ ರೈತರು ಸಸಿ ಕಂಡರೆ ಕಿತ್ತೇ ಬಿಡುತ್ತಿದ್ದರು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಆಗಿನಿಂದ ಜಮೀನಿನ ಒಡೆಯನೇ ಮರದ ಒಡೆಯ. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇದನ್ನು ಹೇಳಿದ ಮೇಲೆ ಮಾವ ಬೇರೆ ಮನುಷ್ಯರಾದರು. ಬೇರು, ಎಲೆ, ರೋಮ, ಮೇವು ಯಾವುದಕ್ಕೂ ಬಗ್ಗದವರು ಆ ಗೇಣುದ್ದದ ಸಸಿಗೆ ಬಗ್ಗಿದರು. ಇನ್ನೂ ಎಷ್ಟು ಇರಬಹುದು ಅಂತ ಇಡೀ ಬದು ಹುಡುಕಿದರು, ಕೈಗೆಲ್ಲ ಮುಳ್ಳು ಗೀರಿಸಿಕೊಂಡು. ಸಿಕ್ಕಿದ್ದು ಅದೊಂದೇ. ತಿರುಳು ಬಲಿಯಲು ಹದಿನೈದು, ಇಪ್ಪತ್ತು ವರ್ಷವಾದರೂ ಬೇಕು ಅಂದೆ. "ಇರವಲ್ದ್ಯಾಕ, ಮೊಮ್ಮಗನ ಲಗ್ನಕ್ಕ ಆಗ್ತೈತಿ" ಅಂದರು. ಮೊಮ್ಮಗ ಇನ್ನೂ ಅಂಗನವಾಡಿಗೆ ಹೋಗುತ್ತಾನೆ.

ಹೀಗೆ ಹಳ್ಳದ ಕಡೆಯ ಬದು ಉಳಿಯಿತು. ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗುವುದೂ ಆ ಕಡೆಯೇ, ಆದ್ದರಿಂದ ನನ್ನ ಲೆಕ್ಕದಲ್ಲಿ ಉಳಿಯಬೇಕಾದದ್ದೇ ಉಳಿಯಿತು. ಕಾರಣ ಯಾವುದಾದರೇನು. ಬಂಡಿದಾರಿ ಕಡೆಯದು ಸಂಜೆಯೊಳಗೆ ಬಟಾಬಯಲಾಯಿತು. ಕಿತ್ತ ಕಂಟಿಯಿಂದ ಅತ್ತೆ ಸೆರಗಿನ ತುಂಬ ಹಣ್ಣು ಆರಿಸಿಕೊಂಡರು. ಅಂಗಡಿಯಲ್ಲಿ ಸಿಗುವ ಸೇಬಿನ ಗಾತ್ರದ ಬಾರಿಹಣ್ಣಿಗೆ ಈ ರುಚಿ ಎಲ್ಲಿಂದ ಬರಬೇಕು? ಇದು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಬೀಜವೇ ಜಾಸ್ತಿ, ಮೇಲೆ ತೆಳ್ಳಗೆ ಹುಳಿಸಿಹಿ ತಿರುಳು. ಸಂಕ್ರಾಂತಿಗೆ ಮೊಮ್ಮಗನ ತಲೆ ಮೇಲೆ ಕಬ್ಬಿನ ತುಂಡು, ಚುರುಮುರಿ ಜೊತೆ ಎರೆಯಲು ಒಂದಿಷ್ಟು ತೆಗೆದಿಟ್ಟರು. ಉಳಿದದ್ದಕ್ಕೆ ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿ ನನಗೊಂದು ಡಬ್ಬಿ ಕಟ್ಟಿಕೊಟ್ಟರು.

ಜುಲೈನಲ್ಲಿ ಮಾವನ ಫೋನ್ ಬಂತು. ನಾಲ್ಕು ಮಳೆ ಆಗಿವೆ, ಬಂಡಿದಾರಿ ಕಡೆ ಮುರಿದ ಬೇರುಗಳಿಂದ ಬಾರಿ ಮತ್ತೆ ಎದ್ದಿದೆ, ಜೆಸಿಬಿಗೆ ಕೊಟ್ಟ ರೊಕ್ಕ ನೀರಾಗ ಹೋಮ ಅಂತ. ನಾನು ಒಂದು ಉಪಾಯ ಹೇಳಿದೆ. ಕಾಡುಬಾರಿಯ ಬುಡಕ್ಕೆ ದೊಡ್ಡ ಹಣ್ಣಿನ ತಳಿಯ ಕಣ್ಣು ಕೂರಿಸಿ ಕಸಿ ಮಾಡಬಹುದು. ಒಣಭೂಮಿಯಲ್ಲಿ ಬಾರಿ ತೋಟ ಮಾಡುವವರು ಇಂಥ ಗಟ್ಟಿ ಬೇರಿನ ಮೇಲೆಯೇ ಉಮ್ರಾನ್, ಗೋಲಾ ತಳಿ ಏರಿಸುತ್ತಾರೆ. ನೀರು ಹಾಯಿಸುವ ಗೋಜು ಕಡಿಮೆ, ಮಳೆಗಾಲವೇ ಸರಿಯಾದ ಹೊತ್ತು. ಮಾವನಿಗೆ ಹಿಡಿಸಿತು. ಕಸಿ ಕಟ್ಟುವವರು ಯಾರಾದರೂ ಗೊತ್ತೇನು ಅಂತ ಅವರು ಕೇಳುತ್ತಿದ್ದಾಗಲೇ ಅತ್ತೆ ಫೋನ್ ಕಸಿದುಕೊಂಡರು.

"ದೊಡ್ಡ ಹಣ್ಣು ಬರೇ ನೀರು ನೀರು. ಎರಡು ಕಂಟಿ ಹಂಗ ಬಿಡಾಕ ಹೇಳು ನಿಮ್ಮ ಮಾವಗ."